'ಹೇಳು, ಹೇಳು' ಎನ್ನುವ ಮೊದಲು: ಆಟಿಸಂ ಇರುವ ಪುಟ್ಟ ಮಕ್ಕಳಿಗೆ ಕೇಳುವುದು, ತೋರಿಸುವುದು, ಜೊತೆಗೂಡುವುದನ್ನು ಕಲಿಸುವ ಕ್ರಮ

ಎರಡರಿಂದ ಆರು ವರ್ಷದೊಳಗಿನ, ಆಟಿಸಂ (ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಎಂದು ಗುರುತಾದ ಅಥವಾ ಆ ಅನುಮಾನವಿರುವ ಮಕ್ಕಳ ಮನೆಯವರಿಗಾಗಿ ಈ ಬರಹ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಎಲ್ಲೇ ಇರಲಿ, ಪಾಲಕರು ಎಡವುವುದು ಒಂದೇ ಜಾಗದಲ್ಲಿ. ಬಿಸ್ಕತ್ತನ್ನು ಎತ್ತಿ ಹಿಡಿದು "ಬಿಸ್ಕಿಟ್ ಅನ್ನು, ಅಂದ್ರೆ ಮಾತ್ರ ಕೊಡೋದು" ಎನ್ನುತ್ತಾರೆ. ಮಗು ಕೂಗಿ ಅಳುತ್ತದೆ. ಅಳು ತಡೆಯಲಾರದೆ ಯಾರೋ ಬಿಸ್ಕತ್ತು ಕೊಟ್ಟುಬಿಡುತ್ತಾರೆ. ಕೂಗಿದರೆ ಸಿಗುತ್ತದೆ ಎನ್ನುವುದಷ್ಟೇ ಮಗು ಅಲ್ಲಿ ಕಲಿತ ಪಾಠ. ಮೊಬೈಲ್ ನೋಡಿ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಒಪ್ಪಿಸುವ ಮಗು ಬಾಯಾರಿದಾಗ ನೀರು ಕೇಳದೇ ಇರುವುದೂ ಇದೇ ಕಾರಣಕ್ಕೆ. ಪದಗಳಿವೆ, ಆದರೆ ಅವನ್ನು ಇನ್ನೊಬ್ಬರ ಕಡೆ ತಿರುಗಿಸುವ ಅಭ್ಯಾಸವಿಲ್ಲ.

ತಪ್ಪುತ್ತಿರುವುದು ಕ್ರಮ. ಮತ್ತೊಬ್ಬರ ಹತ್ತಿರ ಹೋದರೆ ಏನೋ ಆಗುತ್ತದೆ ಎಂಬ ಅರಿವು ಮೊದಲು ಬರಬೇಕು. ಸನ್ನೆಯೋ ಚಿತ್ರವೋ ಆಮೇಲೆ. ಮಾತು ಬರುವುದಿದ್ದರೆ ಅದರ ಬೆನ್ನಿಗೆ ಬರುತ್ತದೆ. ಮೂರನೆಯದರಿಂದ ಶುರುಮಾಡಿದರೆ ಮೊದಲೆರಡೂ ಕೈಕೊಡುತ್ತವೆ.

## ಶುರುಮಾಡುವ ಮುನ್ನ

ಕಿವಿ ಪರೀಕ್ಷೆ ಆಗಿದೆಯೇ? ಮೊಬೈಲಿನ ಜಾಹೀರಾತಿಗೆ ಓಡಿ ಬರುತ್ತದೆ, ಹಾಗಾಗಿ ಕಿವಿ ಸರಿಯಿದೆ ಎಂದು ನೀವೇ ತೀರ್ಮಾನಿಸಬೇಡಿ. ಕೆಲವು ಸ್ವರಗಳು ಮಾತ್ರ ಕೇಳಿಸುವ ಕಿವುಡುತನವೂ ಇರುತ್ತದೆ. ಪುಟ್ಟ ಮಕ್ಕಳಿಗೆ ಮಲಗಿದ್ದಾಗಲೇ ಮಾಡುವ, ಸದ್ದಿಗೆ ಮೆದುಳು ಸ್ಪಂದಿಸುವುದನ್ನು ಅಳೆಯುವ ಬೇರಾ (BERA) ಪರೀಕ್ಷೆ ಇದೆ, ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ವೈದ್ಯರ ನಿರ್ಣಯ ಇನ್ನೂ ಬಂದಿಲ್ಲವೆಂದು ಕಾಯುತ್ತ ಕೂರುವುದೂ ಬೇಡ. ಮುಂದಿನ ಹಂತಗಳು ಮಾತು ತಡವಾಗಿರುವ ಯಾವ ಮಗುವಿಗೂ ಕೇಡು ಮಾಡುವುದಿಲ್ಲ. ಥೆರಪಿಗಾಗಿ ದೇವಿಮನೆ ಘಟ್ಟ ಇಳಿದೋ, ಹುಬ್ಬಳ್ಳಿ-ಮಂಗಳೂರಿನವರೆಗೆ ಪ್ರಯಾಣ ಮಾಡಿಯೋ ಬರುವವರಿಗೆ ಒಂದು ಮಾತು: ಥೆರಪಿಸ್ಟ್ ಹತ್ತಿರ ಮಗು ಕಳೆಯುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ನಿಮ್ಮ ಜಗಲಿ, ಅಡುಗೆಮನೆ, ಬಚ್ಚಲಿನಲ್ಲೇ ಕಳೆಯುತ್ತದೆ. ಕಲಿಕೆ ನಡೆಯಬೇಕಾದ್ದೂ ಅಲ್ಲೇ.

ಇನ್ನೊಂದು ಕೆಲಸವನ್ನು ಇವತ್ತೇ ಮುಗಿಸಿ. ಆಟಿಸಂ ಇರುವ ಮಕ್ಕಳು ಸದ್ದಿಲ್ಲದೆ ಮನೆಯಿಂದ ಹೊರಟುಬಿಡುವುದು, ನೀರಿನ ಸೆಳೆತಕ್ಕೆ ಸಿಗುವುದು ಎಲ್ಲ ಕಡೆಯೂ ಕಂಡುಬಂದಿರುವ ಅಪಾಯ. ನಮ್ಮ ಜಿಲ್ಲೆಯಲ್ಲಂತೂ ಅಂಗಳದಲ್ಲಿ ಬಾವಿ, ತೋಟದಲ್ಲಿ ಹೊಂಡ, ಆಚೆಗೆ ಹೊಳೆಯೋ ಕಡಲೋ. ಬಾವಿಗೆ ಗಟ್ಟಿ ಬಲೆ ಅಥವಾ ಕಬ್ಬಿಣದ ಜಾಲರಿ, ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ, ಅಂಗಳದ ದಣಪೆ ಅಥವಾ ಗೇಟಿಗೆ ಕೊಂಡಿ ಹಾಕಿಸಿ. ಅಕ್ಕಪಕ್ಕದವರಿಗೂ ಹೇಳಿಡಿ.

## ಬೇಕಾಗುವ ಸಾಮಾನು

ದುಬಾರಿ ಆಟಿಕೆ ಬೇಡ. ಒಳಗಿರುವುದು ಕಾಣುವ, ಬಿಗಿ ಮುಚ್ಚಳದ ಎರಡು ಮೂರು ಪ್ಲಾಸ್ಟಿಕ್ ಡಬ್ಬಿಗಳು ಸಾಕು. ಸ್ಟೀಲ್ ಡಬ್ಬಿ ಕೆಲಸಕ್ಕೆ ಬಾರದು. ಒಳಗಿರುವುದು ಕಾಣದಿದ್ದರೆ ಮಗುವಿಗೆ ಕೇಳುವ ಮನಸ್ಸೇ ಬರುವುದಿಲ್ಲ. ಸೋಪಿನ ಗುಳ್ಳೆ ಊದುವ ಬಾಟಲಿ, ಬಲೂನು, ಒಂದು ಚೆಂಡು, ಜೋಕಾಲಿ ಇರಲಿ. ಮಗುವಿಗೆ ಇಷ್ಟವಾದ ತಿಂಡಿಯ ಸಣ್ಣ ಸಣ್ಣ ಚೂರುಗಳನ್ನು ಇಟ್ಟುಕೊಳ್ಳಿ: ಹಪ್ಪಳ, ಚಕ್ಕುಲಿ, ಬಾಳೆಹಣ್ಣು, ಯಾವುದಾದರೂ ಸರಿ. ಇಡೀ ಶೇಂಗಾ ಬೀಜ ಬೇಡ, ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಬೀಳುತ್ತದೆ.

ಚಿತ್ರಗಳಿಗೆ ನಿಮ್ಮ ಮೊಬೈಲಿನಲ್ಲೇ ಫೋಟೊ ತೆಗೆಯಿರಿ. ಇಂಟರ್ನೆಟ್ಟಿನ ಬಣ್ಣದ ಲೋಟದ ಬದಲು ನಿಮ್ಮ ಮನೆಯ ಲೋಟದ್ದೇ ಫೋಟೊ ಇರಲಿ. ಬೆಂಕಿಪೆಟ್ಟಿಗೆಗಿಂತ ಕೊಂಚ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ. ಬರೀ ಕಾಗದವಾದರೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಹಿಂದೆ ವೆಲ್ಕ್ರೋ ತುಂಡು ಅಂಟಿಸಿ ಒಂದು ರಟ್ಟಿನ ಮೇಲೆ ಹಚ್ಚಿಡಿ.

## ಹಂತ 1: ಮಗುವಿಗೆ ಏನು ಬೇಕು ಎಂದು ಬರೆದಿಡಿ

ಮೊದಲ ಕೆಲವು ದಿನ ಏನನ್ನೂ ಕಲಿಸಬೇಡಿ, ನೋಡಿ. ಯಾರೂ ಹೇಳದಿದ್ದರೂ ಮಗು ಎಲ್ಲಿಗೆ ಹೋಗುತ್ತದೆ, ಏನು ಹಿಡಿಯುತ್ತದೆ, ಯಾವುದನ್ನು ಕಸಿದುಕೊಂಡರೆ ಸಿಟ್ಟಾಗುತ್ತದೆ? ಫ್ಯಾನ್ ತಿರುಗುವುದು, ಚೊಂಬಿನಿಂದ ನೀರು ಸುರಿಯುವುದು, ಅಜ್ಜನ ಬೆನ್ನೇರುವುದು, ಎಲ್ಲವೂ ಪಟ್ಟಿಗೆ ಬರಲಿ. ನಿಮಗೆ ಇಷ್ಟವಾಗುವ ಆಟಿಕೆಗಳ ಪಟ್ಟಿ ಇದಲ್ಲ.

ಮಗು ಈಗ ಹೇಗೆ ಕೇಳುತ್ತದೆ ಎನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ನಿಮ್ಮ ಕೈ ಹಿಡಿದು ಫ್ರಿಜ್ ಬಾಗಿಲಿಗೆ ಒತ್ತುತ್ತದೆಯೇ? ಹಾಗಾದರೆ ಅದು ಕೇಳುತ್ತಲೇ ಇದೆ. ಅಲ್ಲಿಂದಲೇ ಶುರು.

## ಹಂತ 2: ಪಕ್ಕದಲ್ಲಿ ಕೂತು ಅದು ಮಾಡಿದ್ದನ್ನೇ ಮಾಡಿ

ನೆಲದ ಮೇಲೆ, ಮಗುವಿನ ಮುಖಕ್ಕೆ ಎದುರಾಗಿ ಕೂತುಕೊಳ್ಳಿ. ಅದು ಅಡಿಕೆ ಸಿಪ್ಪೆ ಸಾಲಾಗಿ ಜೋಡಿಸಿದರೆ ನೀವೂ ಒಂದು ಜೋಡಿಸಿ. ಡಬ್ಬಿ ಬಡಿದರೆ ನೀವೂ ಬಡಿಯಿರಿ. "ಇದೇನು? ಯಾವ ಬಣ್ಣ?" ಎಂದು ಪರೀಕ್ಷೆ ಮಾಡಲು ಹೋಗಬೇಡಿ. ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಮಗು ಒಮ್ಮೆ ನಿಂತು, ನೀವು ಮಾಡುತ್ತೀರಾ ಎಂದು ಕಾದು ನೋಡಿತೆಂದರೆ ಈ ಹಂತ ಫಲ ಕೊಟ್ಟಿತು.

ಗಲ್ಲ ಹಿಡಿದು ಮುಖ ತಿರುಗಿಸಿ "ನನ್ನ ನೋಡು" ಎನ್ನುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ. ಕಣ್ಣಿಗೆ ಕಣ್ಣು ಸೇರಿಸುವುದು ಹಲವು ಆಟಿಸಂ ಮಕ್ಕಳಿಗೆ ಹಿಂಸೆ. ಬಗ್ಗಿ ಕೂತರೆ, ವಸ್ತುವನ್ನು ನಿಮ್ಮ ಮುಖದ ಹತ್ತಿರ ಹಿಡಿದರೆ ನೋಟ ತಾನಾಗಿ ಬರುತ್ತದೆ. ಬರದಿದ್ದರೂ ಮುಂದಿನ ಹಂತ ಸಾಗುತ್ತದೆ. ಕೈ ಬಡಿಯುವುದು, ಗಿರಗಿರ ಸುತ್ತುವುದನ್ನು ತಡೆಯಲು ಹೋಗುವುದೂ ವ್ಯರ್ಥ ಶ್ರಮ. ಅದರಿಂದ ಪೆಟ್ಟಾಗದಿದ್ದರೆ ಅದರ ಪಾಡಿಗೆ ಇರಲಿ.

## ಹಂತ 3: ಶುರುಮಾಡಿ, ನಿಲ್ಲಿಸಿ, ಕಾಯಿರಿ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲಿ, ಅದರಲ್ಲೂ 'ಕಾಯಿರಿ' ಎನ್ನುವ ಜಾಗದಲ್ಲಿ.

ಮಗುವನ್ನು ಜೋಕಾಲಿಯಲ್ಲಿ ಕೂರಿಸಿ. "ಒಂದು… ಎರಡು… ಮೂರು… ತೂಗು!" ಎಂದು ಐದಾರು ಸಲ ತೂಗಿ. ಪ್ರತಿ ಸಲವೂ ಅದೇ ಮಾತು, ಅದೇ ರಾಗ. ಆಮೇಲೆ ಜೋಕಾಲಿಯನ್ನು ನಿಮ್ಮ ಕಡೆಗೆ ಎಳೆದು ಹಗ್ಗ ಹಿಡಿದು ನಿಲ್ಲಿಸಿ. "ಒಂದು… ಎರಡು… ಮೂರು…" ಎಂದು ಬಾಯಿ ಮುಚ್ಚಿ. ಹುಬ್ಬು ಮೇಲೇರಿಸಿ, ಉಸಿರು ಹಿಡಿದು, ಮುಖದಲ್ಲಿ ಈಗ ಏನೋ ಆಗುತ್ತದೆ ಎಂಬ ಭಾವ ಇಟ್ಟು ಮನಸ್ಸಿನಲ್ಲಿ ಹತ್ತರವರೆಗೆ ನಿಧಾನ ಎಣಿಸಿ.

ಮಗುವಿನ ಕಡೆಯಿಂದ ಏನು ಬರುತ್ತದೆ ಎಂದು ಗಮನವಿಟ್ಟು ನೋಡಿ. ಸೊಂಟ ಮುಂದೆ ತಳ್ಳಬಹುದು, ಪಾದದಿಂದ ನಿಮ್ಮ ಹೊಟ್ಟೆಗೆ ಒತ್ತಬಹುದು, ನಿಮ್ಮ ಕೈ ಮುಟ್ಟಬಹುದು, "ಊ" ಎನ್ನಬಹುದು, ರೆಪ್ಪೆ ಬಡಿಯುವಷ್ಟು ಹೊತ್ತು ನಿಮ್ಮನ್ನು ನೋಡಬಹುದು. ಇವುಗಳಲ್ಲಿ ಯಾವುದಾದರೂ ಒಂದು ಬಂದ ಕೂಡಲೇ "ತೂಗು!" ಎಂದು ತೂಗಿಬಿಡಿ. ಇನ್ನೂ ಚೆನ್ನಾಗಿ ಮಾಡಲಿ ಎಂದು ತಡಮಾಡಬೇಡಿ. ಸನ್ನೆಗೂ ತೂಗುವುದಕ್ಕೂ ನಡುವೆ ಒಂದು ಕ್ಷಣ ಜಾಸ್ತಿಯಾದರೆ ಎರಡಕ್ಕೂ ಇರುವ ನಂಟು ಮಗುವಿಗೆ ಗೊತ್ತಾಗುವುದಿಲ್ಲ.

ಹತ್ತು ಎಣಿಸಿದರೂ ಏನೂ ಬಾರದಿದ್ದರೆ? ನೀವೇ "ತೂಗು" ಎಂದು ಮೆಲ್ಲಗೆ ತೂಗಿ, ಮತ್ತೆ ಎರಡು ಸಲ ಸಲೀಸಾಗಿ ಆಡಿಸಿ, ಆಮೇಲೆ ಇನ್ನೊಮ್ಮೆ ನಿಲ್ಲಿಸಿ. ಕಾದು ಕಾದು ಅಳು ಬರಿಸುವ ಆಟವಲ್ಲ ಇದು.

ಇದೇ ಕ್ರಮ ಬೇರೆ ಕಡೆಯೂ ನಡೆಯುತ್ತದೆ. ಬಚ್ಚಲಿನಲ್ಲಿ ಚೊಂಬು ಎತ್ತಿ ನೀರು ಸುರಿಯದೆ ತಡೆಯುವುದು, ಗುಳ್ಳೆಯ ಕಡ್ಡಿಯನ್ನು ತುಟಿಯ ಹತ್ತಿರ ತಂದು ಊದದಿರುವುದು, ಕಚಗುಳಿಯ ಬೆರಳನ್ನು ಗಾಳಿಯಲ್ಲೇ ನಿಲ್ಲಿಸುವುದು. ಡಬ್ಬಿಯಲ್ಲಿ ಹಪ್ಪಳದ ಚೂರು ಹಾಕಿ ಮುಚ್ಚಿ ಕೊಟ್ಟರೆ, ತೆಗೆಯಲಾರದೆ ಡಬ್ಬಿಯನ್ನು ನಿಮ್ಮ ಕೈಗೆ ಒತ್ತುತ್ತದೆ. ಹಾಗೆ ಒತ್ತುವುದೂ ಒಂದು ಮಾತೇ.

ಕೂಡು ಕುಟುಂಬದಲ್ಲಿ ಇದು ಕಷ್ಟ, ಒಪ್ಪುತ್ತೇನೆ. ನೀವು ಎಣಿಸುತ್ತಿರುವಾಗಲೇ ಅಜ್ಜಿ ಹಿಂದಿನಿಂದ ಬಂದು "ಪಾಪ, ಎಂತಕ್ಕೆ ಕಾಯಿಸ್ತೆ, ಕೊಟ್ಬಿಡು" ಎಂದು ಚೂರು ಬಾಯಿಗಿಟ್ಟು ಹೋಗುತ್ತಾರೆ. ಅಜ್ಜಿಯ ಜೊತೆ ವಾದ ಬೇಡ. ಜೋಕಾಲಿಯ ಆಟವನ್ನು ಅವರ ಕೈಗೇ ಕೊಡಿ. ಒಂದು ಸಲ ಮೊಮ್ಮಗ ಅವರ ಕೈ ಮುಟ್ಟಿ ಕೇಳಿದನೆಂದರೆ, ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಯುವವರು ಅವರೇ.

ಒಂದು ಗೆರೆ ದಾಟಬೇಡಿ. ಹಸಿದ ಮಗುವಿನ ಊಟ, ಬಾಯಾರಿದ ಮಗುವಿನ ನೀರು, ಹೆದರಿದ ಮಗುವಿಗೆ ಬೇಕಾದ ತೋಳು, ಇವನ್ನು ಯಾವತ್ತೂ ಕೇಳಲಿ ಎಂದು ತಡೆಹಿಡಿಯಬಾರದು. ಆಟ ಮತ್ತು ಹೊಟ್ಟೆ ತುಂಬಿದ ಮೇಲಿನ ಚೂರುಪಾರು ತಿಂಡಿ ಮಾತ್ರ ಕಲಿಕೆಗೆ.

## ಹಂತ 4: ಚಿತ್ರ ಕೊಟ್ಟು ಕೇಳುವುದು

ಸನ್ನೆ ನೆಲೆಗೊಂಡ ಮೇಲೆ, ಅಥವಾ ಮಾತು ಇಲ್ಲವೇ ಇಲ್ಲ ಎನ್ನುವ ಮಗುವಿಗೆ, ಚಿತ್ರ ಕೊಟ್ಟು ವಸ್ತು ಪಡೆಯುವುದನ್ನು ಕಲಿಸಿ. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ (PECS, ಚಿತ್ರ ಕೊಟ್ಟು ಸಂವಹನ ನಡೆಸುವ) ಪದ್ಧತಿಯಲ್ಲಿ ಶುರುವಿಗೆ ಇಬ್ಬರು ದೊಡ್ಡವರು ಬೇಕು. ಒಬ್ಬರೇ ಮಾಡಲು ಹೋಗಿ ಕೆಡಿಸಿಕೊಳ್ಳುವವರೇ ಜಾಸ್ತಿ.

ಆಯಿ (ಅಮ್ಮ) ಮುಂದೆ ಕೂತು, ಒಂದು ಕೈಯಲ್ಲಿ ಹಪ್ಪಳದ ಚೂರು ಕಾಣುವಂತೆ ಹಿಡಿಯಲಿ. ಇಬ್ಬರ ನಡುವೆ ಹಪ್ಪಳದ ಒಂದೇ ಒಂದು ಫೋಟೊ ಇರಲಿ. ಅಪ್ಪ ಮಗುವಿನ ಹಿಂದೆ, ಬಾಯಿ ಬಿಡದೆ ಕೂರಲಿ. ಮಗು ಹಪ್ಪಳಕ್ಕೆ ಕೈ ಚಾಚಿದಾಗ ಅಪ್ಪ ಹಿಂದಿನಿಂದ ಅದರ ಕೈಯನ್ನು ಫೋಟೊದ ಮೇಲೆ ತಂದು, ಎತ್ತಿಸಿ, ಆಯಿಯ ತೆರೆದ ಅಂಗೈಗೆ ಬಿಡಿಸಲಿ. ಫೋಟೊ ಅಂಗೈಗೆ ಬಿದ್ದ ಕೂಡಲೇ ಆಯಿ "ಹಪ್ಪಳ!" ಎಂದು ಚೂರು ಕೊಡಲಿ. ದಿನ ಕಳೆದಂತೆ ಅಪ್ಪನ ಕೈ ಮಣಿಕಟ್ಟಿಗೆ, ಮೊಣಕೈಗೆ, ಹೆಗಲಿಗೆ ಸರಿದು ಕೊನೆಗೆ ಸಹಾಯವೇ ಇಲ್ಲದಂತಾಗಬೇಕು. ಮಗು ಕೈ ಹಿಡಿಸಿಕೊಳ್ಳಲು ಒಪ್ಪದೆ ಕೊಸರಿದರೆ ಅಂದಿಗೆ ಬಿಟ್ಟುಬಿಡಿ.

ಈ ಹಂತದ ಸಾಮಾನ್ಯ ತಪ್ಪುಗಳು ನಾಲ್ಕು. "ಚಿತ್ರ ಕೊಡು" ಎಂದು ಬಾಯಲ್ಲಿ ಹೇಳಿಕೊಡುವುದು ಮೊದಲನೆಯದು. ಹಾಗೆ ಹೇಳಿದರೆ ಮಗು ನಿಮ್ಮ ಆಜ್ಞೆಗೆ ಕಾಯಲು ಕಲಿಯುತ್ತದೆ, ತಾನಾಗಿ ಕೇಳುವುದಿಲ್ಲ. ಒಮ್ಮೆಲೇ ಹತ್ತು ಚಿತ್ರ ಇಡುವುದು ಎರಡನೆಯದು. ಚೂರು ಕೊಡುವ ಮೊದಲೇ ಎಲ್ಲರೂ ಸೇರಿ ಚಪ್ಪಾಳೆ ಹೊಡೆದು ಶಹಬ್ಬಾಸ್ ಎನ್ನುವುದು ಮೂರನೆಯದು. ಮಗುವಿಗೆ ಬೇಕಾದ್ದು ಹಪ್ಪಳ, ಅದನ್ನು ಮೊದಲು ಕೊಡಿ. ನಾಲ್ಕನೆಯದು ಚಿತ್ರಗಳನ್ನು ಕಪಾಟಿನ ಮೇಲೆ ಜೋಪಾನ ಮಾಡಿಡುವುದು. ರಟ್ಟು ಮಗುವಿನ ಎತ್ತರದಲ್ಲಿ ಗೋಡೆಗೆ ತೂಗುತ್ತಿರಬೇಕು. ಅದು ಬೇರೆ ಕೋಣೆಯಿಂದ ಚಿತ್ರ ಹಿಡಿದು ನಿಮ್ಮನ್ನು ಹುಡುಕಿಕೊಂಡು ಬಂದ ದಿನ ಹಂತ ಮುಗಿದಂತೆ.

'ಚಿತ್ರ ಕೊಟ್ಟರೆ ಮಾತಾಡುವುದನ್ನೇ ಬಿಟ್ಟುಬಿಡುತ್ತದಲ್ಲ' ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ. ಚಿತ್ರ, ಸನ್ನೆಗಳಿಂದ ಮಾತು ಕುಂಠಿತವಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಹಲವರಲ್ಲಿ ಮಾತು ಹೆಚ್ಚಿದ್ದೂ ಇದೆ.

## ಹಂತ 5: 'ಬೇಡ' ಎನ್ನುವುದನ್ನೂ ಕಲಿಸಿ

ಇದನ್ನು ಬಿಟ್ಟುಬಿಡುವವರೇ ಬಹಳ. ಬೇಡ ಎನ್ನಲು ಬಾರದ ಮಗು ತಟ್ಟೆ ಎಸೆಯುತ್ತದೆ, ಕಚ್ಚುತ್ತದೆ. ಇಷ್ಟವಿಲ್ಲದ ವಸ್ತುವನ್ನು ಮುಂದೆ ಹಿಡಿಯಿರಿ. ಅದು ದೂಡುವ ಮುನ್ನ ಅದರ ಅಂಗೈಯನ್ನು ಮೆಲ್ಲಗೆ ಅಡ್ಡ ಹಿಡಿಸಿ, "ಬೇಡ" ಎಂದು ನೀವೇ ಹೇಳಿ ವಸ್ತುವನ್ನು ತಕ್ಷಣ ತೆಗೆಯಿರಿ. 'ಬೇಡ' ಎಂದದ್ದಕ್ಕೆ ಬೆಲೆ ಸಿಗಬೇಕು. ಬೇಡ ಎಂದ ಮೇಲೂ ಇನ್ನೊಂದು ತುತ್ತು ತುರುಕಿದರೆ ಕಲಿಸಿದ್ದೆಲ್ಲ ಹೊಳೆಗೆ.

ಆಮೇಲೆ ಎರಡರಲ್ಲಿ ಒಂದು: ಬಾಳೆಹಣ್ಣು, ಚಕ್ಕುಲಿ. ಮೊದಮೊದಲು ಒಂದು ಪ್ರೀತಿಯದ್ದು, ಇನ್ನೊಂದು ಬೇಡವಾದದ್ದು ಇಟ್ಟರೆ ಆಯ್ಕೆ ಸುಲಭ.

## ಹೇಳಿದ್ದನ್ನೇ ಹೇಳುವ ಮಗು

"ನೀರು ಬೇಕಾ?" ಎಂದರೆ ಮಗುವೂ "ನೀರು ಬೇಕಾ?" ಎನ್ನುತ್ತದೆ. "ಕೊಡ್ಲಾ?" ಎಂದರೆ ಅದೂ "ಕೊಡ್ಲಾ?" ಎಂದು ಕೈ ಚಾಚುತ್ತದೆ. ಇದನ್ನು ಗಿಳಿಪಾಠ ಎಂದು ಗದರಿಸುತ್ತಾರೆ. ಗದರಿಸಬೇಡಿ, ಮಗು ಅಲ್ಲಿ ನೀರನ್ನೇ ಕೇಳುತ್ತಿದೆ. ಬದಲಾಗಬೇಕಾದ್ದು ನಮ್ಮ ಮಾತು. ಪ್ರಶ್ನೆ ಕೇಳುವ ಬದಲು ಮಗು ಹೇಳಬೇಕಾದ ರೂಪದಲ್ಲೇ ಹೇಳಿ: ಲೋಟ ತೋರಿಸಿ "ನೀರು ಬೇಕು", ಕೊಡುವಾಗ "ನೀರು ಕೊಡು". ಅದು ಪುನರುಚ್ಚರಿಸಿದರೂ ಸರಿಯಾದದ್ದನ್ನೇ ಹೇಳಿದಂತಾಗುತ್ತದೆ.

ಮಾತು ಚಿಕ್ಕದಿರಲಿ. ಮಗು ಸನ್ನೆ ಮಾಡುತ್ತಿದ್ದರೆ ನಿಮ್ಮದು ಒಂದೇ ಪದ. ಒಂದು ಪದ ಆಡುತ್ತಿದ್ದರೆ ನಿಮ್ಮದು ಎರಡು.

## ಯಾವ ಭಾಷೆ?

ಕಾರವಾರದಲ್ಲಿ ಮನೆಯೊಳಗೆ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ. ಶಿರಸಿ ಕಡೆ ಹವಿಗನ್ನಡ, ಭಟ್ಕಳದಲ್ಲಿ ನವಾಯತಿ. ಗೊಂದಲವಾಗುತ್ತದೆ ಎಂದು ಮನೆಮಾತು ಬಿಟ್ಟು ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿಸಲು ಹೊರಡುವ ಪಾಲಕರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ಅಜ್ಜಿ, ಅಪ್ಪ, ಆಯಿ ಸಲೀಸಾಗಿ ಆಡುವ ಭಾಷೆಯಲ್ಲೇ ಕಲಿಸಿ. ಒಂದೇ ಜಾಗ್ರತೆ: ಮೊದಲ ಹತ್ತಿಪ್ಪತ್ತು ಪದಗಳಿಗೆ ಮನೆಯವರೆಲ್ಲ ಒಂದೇ ರೂಪ ಬಳಸಿ. 'ಬೇಕು' ಎನ್ನಲು ಕೊಂಕಣಿಯ 'ಜಾಯ್' ಎಂದು ಕಲಿಸಿದರೆ ಎಲ್ಲರೂ 'ಜಾಯ್', 'ಬೇಕು' ಆದರೆ ಎಲ್ಲರೂ 'ಬೇಕು'. ಅಂಗನವಾಡಿಯ ಟೀಚರಿಗೂ ಆ ಪದಗಳನ್ನು ಬರೆದುಕೊಡಿ.

## ಹಂತ 6: ತೋರಿಸುವುದು

ಇಲ್ಲಿಯವರೆಗಿನದು ಏನನ್ನೋ ಪಡೆಯಲು. ಇನ್ನು ಮುಂದಿನದು 'ನೋಡು, ಅಲ್ಲಿ!' ಎಂದು ಹಂಚಿಕೊಳ್ಳಲು. ಆಟಿಸಂ ಇರುವ ಮಗುವಿಗೆ ಇದೇ ಕಠಿಣ, ತಿಂಗಳುಗಳೇ ಹಿಡಿಯಬಹುದು.

ಮಗುವಿಗೆ ನಿಜವಾಗಿ ಕುತೂಹಲವಿರುವುದನ್ನೇ ಆರಿಸಿ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಹಳಿಯ ಹತ್ತಿರದ ಮನೆಗಳಲ್ಲಿ ಕೊಂಕಣ ರೈಲಿಗಿಂತ ಒಳ್ಳೆಯ ಪಾಠ ಇಲ್ಲ. ದೂರದಲ್ಲಿ ಸದ್ದು ಕೇಳಿದ ಕೂಡಲೇ ಮಗುವಿನ ಪಕ್ಕ ಬಗ್ಗಿ, ತೋರುಬೆರಳು ಅದರ ಕಣ್ಣಿನ ನೇರಕ್ಕೆ ಹಿಡಿದು "ರೈಲು!" ಎನ್ನಿ. ಮೊದಲು ಹತ್ತಿರದ ವಸ್ತು ಮುಟ್ಟಿ ತೋರಿಸಿ, ಆಮೇಲೆ ಒಂದು ಮಾರು ದೂರದ್ದು, ಅದಾದ ಮೇಲೆ ಅಂಗಳದಾಚೆಯದು. ರೈಲು ಹೋದ ಮೇಲೆ ಮಗು ನಿಮ್ಮ ಮುಖ ನೋಡಿದರೆ ನೀವೂ ಅಷ್ಟೇ ಖುಷಿ ತೋರಿಸಿ. ಇಲ್ಲಿ ತಿಂಡಿ ಕೊಡಬೇಡಿ.

## ಹಂತ 7: ಇನ್ನೊಂದು ಮಗು, ಆಮೇಲೆ ಹಲವು

ಒಮ್ಮೆಲೇ ಅಂಗನವಾಡಿಯ ಗದ್ದಲಕ್ಕೆ ಬಿಟ್ಟು 'ಮಕ್ಕಳ ಜೊತೆ ಸೇರಿದರೆ ತಾನೇ ಕಲಿಯುತ್ತದೆ' ಎನ್ನುವುದು ಈ ಹಂತದ ದೊಡ್ಡ ತಪ್ಪು. ಮೊದಲು ಒಂದೇ ಮಗು, ಸಾಧ್ಯವಾದರೆ ಸ್ವಲ್ಪ ದೊಡ್ಡ, ತಾಳ್ಮೆಯ ಅಕ್ಕನೋ ಭಾವನೋ. ಕಾಲು ಚಾಚಿ ಎದುರು ಬದುರು ಕೂತು ಚೆಂಡು ಉರುಳಿಸುವುದು ಸಾಕು. "ಅಕ್ಕಂದು… ತಮ್ಮಂದು" ಎಂದು ಸರದಿ ಹೇಳುತ್ತ, ಮೆಲ್ಲಮೆಲ್ಲಗೆ ನೀವು ಹಿಂದೆ ಸರಿಯಿರಿ. ಐದು ನಿಮಿಷ, ಖುಷಿಯಲ್ಲಿರುವಾಗಲೇ ನಿಲ್ಲಿಸಿ.

ಜಾತ್ರೆ, ಮದುವೆಮನೆ, ಯಕ್ಷಗಾನದ ಆಟದ ಬಯಲು ಬೇರೆಯದೇ ಮಾತು. ಚೆಂಡೆ, ಮೈಕು, ಪಟಾಕಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಅಲ್ಲಿ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ಜನ ಸೇರುವ ಮೊದಲೇ ಕರೆದುಕೊಂಡು ಹೋಗಿ ಜಾಗ ತೋರಿಸಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಇಡಿ, ಎದ್ದು ಬರಲು ಒಬ್ಬರು ತಯಾರಿರಿ. ನೆಂಟರು ಏನೆಂದುಕೊಳ್ಳುತ್ತಾರೋ ಎಂದು ಮಗುವನ್ನು ಹಿಡಿದು ಕೂರಿಸಬೇಡಿ.

## ಎಚ್ಚರಿಕೆಯ ಸೂಚನೆಗಳು

ನಿಮ್ಮನ್ನು ಕಂಡರೆ ಮಗು ದೂರ ಸರಿಯುತ್ತಿದ್ದರೆ, ಜೋಕಾಲಿಯ ಹತ್ತಿರವೇ ಬಾರದಿದ್ದರೆ, ನೀವು ಅತಿಯಾಗಿ ಕೇಳುತ್ತಿದ್ದೀರಿ ಎಂದರ್ಥ. ಒಂದು ವಾರ ಎರಡನೇ ಹಂತಕ್ಕೆ ಹಿಂತಿರುಗಿ.

ಕೆಳಗಿನವುಗಳಿಗೆ ಮಾತ್ರ ಮನೆಯಲ್ಲಿ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ಆಡುತ್ತಿದ್ದ ಪದಗಳು ಯಾವ ವಯಸ್ಸಿನಲ್ಲಾದರೂ ಮಾಯವಾಗುವುದು. ಇದ್ದಕ್ಕಿದ್ದಂತೆ ಕಣ್ಣು ನೆಟ್ಟು ಕೆಲವು ಕ್ಷಣ ಪ್ರಜ್ಞೆ ತಪ್ಪಿದಂತಾಗುವುದು, ಕೈಕಾಲು ಸೆಟೆಯುವುದು. ಆಟಿಸಂ ಇರುವವರಲ್ಲಿ ಅಪಸ್ಮಾರ (ಫಿಟ್ಸ್) ಉಳಿದವರಿಗಿಂತ ಹೆಚ್ಚು. ತಲೆ ಬಡಿದುಕೊಳ್ಳುವುದು ಹೊಸದಾಗಿ ಶುರುವಾದರೆ ಹಲ್ಲು, ಕಿವಿ, ಹೊಟ್ಟೆಯ ನೋವಿದೆಯೇ ಎಂದು ಮೊದಲು ನೋಡಿಸಿ. ನೋವನ್ನು ಹೇಳಲಾರದ ಮಗು ಹೀಗೆಯೇ ಹೇಳುತ್ತದೆ. ಚಿಕ್ಕ ತಂಗಿ ತಮ್ಮ ಇದ್ದರೆ ಅವರ ಮೇಲೂ ಕಣ್ಣಿರಲಿ: 12 ತಿಂಗಳಾದರೂ ಹೆಸರಿಗೆ ತಿರುಗದಿದ್ದರೆ, 16 ತಿಂಗಳಿಗೂ ಒಂದು ಪದವಿಲ್ಲದಿದ್ದರೆ ತೋರಿಸಿ.

'ಮೂರು ತಿಂಗಳಲ್ಲಿ ಆಟಿಸಂ ವಾಸಿ' ಎನ್ನುವವರಿಂದ ದೂರವಿರಿ. ಆಟಿಸಂ ತೆಗೆದುಹಾಕುವ ಔಷಧಿ ಇಲ್ಲ. ನಿದ್ದೆ, ಅಪಸ್ಮಾರ, ವಿಪರೀತ ಸಿಟ್ಟಿಗೆ ಔಷಧಿ ಇದೆ, ಅದು ಬೇರೆ. ದೇಹದ ಲೋಹ ತೆಗೆಯುತ್ತೇವೆ ಎಂದು ಕೊಡುವ ಚಿಕಿತ್ಸೆ ಜೀವಕ್ಕೇ ಅಪಾಯ.

## ಯಾರನ್ನು ಕಾಣಬೇಕು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬಂದು ತಪಾಸಣೆ ಮಾಡುತ್ತದೆ. ಯಾವಾಗ ಬರುತ್ತಾರೆಂದು ಟೀಚರ್ ಹತ್ತಿರ ಕೇಳಿ, ಅಂದು ಮಗುವನ್ನು ತಪ್ಪಿಸಬೇಡಿ. ಮುಂದಿನ ಪರೀಕ್ಷೆಗೆ ಅವರೇ ಜಿಲ್ಲಾ ಮಟ್ಟಕ್ಕೆ ಚೀಟಿ ಕೊಡುತ್ತಾರೆ. ವಿವರವಾದ ಮಾತು-ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಿಕ ಬೆಳವಣಿಗೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಹಾಗಾಗಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ವಿಚಾರಿಸಿ.

ದೂರದ ಭೇಟಿಗೆ ಹೋಗುವಾಗ ಮನೆಯಲ್ಲಿ ತೆಗೆದ ಎರಡು ಚಿಕ್ಕ ವಿಡಿಯೊ ಮೊಬೈಲಿನಲ್ಲಿರಲಿ: ಒಂದರಲ್ಲಿ ಮಗು ಏನನ್ನೋ ಕೇಳುತ್ತಿರುವುದು, ಇನ್ನೊಂದರಲ್ಲಿ ಒಬ್ಬನೇ ಆಡುತ್ತಿರುವುದು. ಬಸ್ಸಿನಲ್ಲಿ ಸುಸ್ತಾದ ಮಗು ಆಸ್ಪತ್ರೆಯಲ್ಲಿ ಅರ್ಧ ಗಂಟೆಯಲ್ಲಿ ತೋರಿಸದ್ದನ್ನು ಆ ವಿಡಿಯೊ ತೋರಿಸುತ್ತದೆ. ಹಂತ 1ರಲ್ಲಿ ಬರೆದ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.